ಕಾರ್ಖಾನೆ ನೋಡಲು ಹೋಗುವ ಮೊದಲು ಮನೆಗೆ ಒಂದು ಹಂಚು ತನ್ನಿ

ಅಮ್ಮ ಮನೆಯ ಮಾಡಿಗೆ (ಚಾವಣಿಗೆ) ಹೊದೆಸುವ ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದವರು. 1966ರಲ್ಲಿ ಹಸಿ ಹಂಚು ಹೊರುವ ಕೆಲಸಕ್ಕೆ ಸೇರಿದರು. ಕೊನೆಯ ಹತ್ತು ವರ್ಷ ಬೆಂದ ಹಂಚು ಆರಿಸುವ ಸಾಲಿನಲ್ಲಿದ್ದರು. ಆರಿಸುವುದು ಕಣ್ಣಿನ ಕೆಲಸ ಎಂದು ಸಣ್ಣವಳಿರುವಾಗ ನಾನು ತಿಳಿದಿದ್ದೆ. ಅದು ಕಿವಿಯ ಕೆಲಸ. ಹಂಚನ್ನು ಒಂದು ತುದಿಯಲ್ಲಿ ಹಿಡಿದೆತ್ತಿ ಬೆರಳಿನ ಗೆಣ್ಣಿನಿಂದ ಒಂದು ಪೆಟ್ಟು ಕೊಡಬೇಕು. ಠಣ್ ಅಂದರೆ ಒಳ್ಳೆಯ ಹಂಚು. ದಪ್ ಅಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ.

ನನ್ನ ತಂಗಿಯ ಮಗನಿಗೆ ಆಟಿಸಂ ಉಂಟು. ಮಾತು ಕಡಿಮೆ. ಎಂಟು ವರ್ಷದವನಿರುವಾಗ ಕಂಡದ್ದನ್ನೆಲ್ಲ ಬಡಿದು ನೋಡುತ್ತಿದ್ದ: ಲೋಟ, ಗೇಟು, ಬಾವಿಯ ರಾಟೆ, ಬಸ್ಸಿನ ಸೀಟಿನ ಕಂಬಿ. ಶಾಲೆಯಿಂದ ದೂರು ಬರುತ್ತಿತ್ತು. ಒಂದು ದಿನ ನಮ್ಮ ಅಂಗಳದ ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ಹಂಚುಗಳನ್ನು ಒಂದೊಂದಾಗಿ ಬಡಿಯುತ್ತ ಕೂತಿದ್ದ. ನಾನು ಬೇಡ ಎನ್ನಲು ಹೊರಟಿದ್ದೆ. ಅಮ್ಮ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ, ತಲೆ ಎತ್ತದೆ, "ಅದು ಒಡೆದದ್ದು ಮಗಾ, ಆಚೆ ಇಡು" ಅಂದರು. ಅವನು ಆಚೆ ಇಟ್ಟ. ಮುಂದಿನದನ್ನು ಬಡಿದ. ಅರ್ಧ ಗಂಟೆಯೊಳಗೆ ಇಬ್ಬರೂ ಸೇರಿ ಇಡೀ ರಾಶಿಯನ್ನು ಎರಡು ಪಾಲು ಮಾಡಿದ್ದರು. ಅಮ್ಮ ಕೂತಲ್ಲಿಂದ ಎದ್ದಿರಲಿಲ್ಲ.

ಅಮ್ಮ ಈಗ ಇಲ್ಲ. ಹುಡುಗನಿಗೆ ಹದಿನಾರು. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತಳಾದೆ. ನಾಲ್ಕು ವರ್ಷಗಳಿಂದ ಶನಿವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಆರು ಮಂದಿ ಸೇರುತ್ತಾರೆ, ಹದಿಮೂರರಿಂದ ಹತ್ತೊಂಬತ್ತು ವರ್ಷದವರು. ಮೂವರಿಗೆ ಆಟಿಸಂ, ಇಬ್ಬರಿಗೆ ಗಮನ ನಿಲ್ಲಿಸುವುದು ಕಷ್ಟವಾಗುವ ಎಡಿಎಚ್‌ಡಿ, ಒಬ್ಬಳಿಗೆ ಓದು ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾ. ಮಿದುಳು ಕೆಲಸ ಮಾಡುವ ರೀತಿ ಒಬ್ಬೊಬ್ಬರಲ್ಲಿ ಒಂದೊಂದು ಎಂಬ ಅರ್ಥದ ನರವೈವಿಧ್ಯ ಎಂಬ ಶಬ್ದ ಈಗ ಕನ್ನಡದಲ್ಲಿ ಕಿವಿಗೆ ಬೀಳುತ್ತದೆ. ಒಳ್ಳೆಯ ಶಬ್ದ, ಆದರೆ ಜಗಲಿಯಲ್ಲಿ ನಮಗೆ ಅದರ ಅಗತ್ಯ ಬಿದ್ದದ್ದು ಕಡಿಮೆ. ನಾವು ಮಂಗಳೂರಿನ ಹಂಚಿನ ಉದ್ಯಮವನ್ನು ಕೈಯಿಂದ, ಕಿವಿಯಿಂದ ಓದುತ್ತಿದ್ದೇವೆ. ಅದನ್ನು ಮಾಡುವುದು ಹೇಗೆ ಎಂದು ಕೇಳಿದ ಟೀಚರುಗಳಿಗೆ, ತಂದೆತಾಯಿಗಳಿಗೆ ಇದನ್ನು ಬರೆಯುತ್ತಿದ್ದೇನೆ.

ಈ ಮಕ್ಕಳಿಗಾಗಿ ಕಾರ್ಖಾನೆಯ ಕಥೆಯನ್ನು ಕತ್ತರಿಸಿ ಸಣ್ಣದು ಮಾಡಬೇಕಾಗಿಲ್ಲ. ಕಿವಿಗೊಟ್ಟು ಕೇಳುವುದು, ಮುಟ್ಟಿ ನೋಡುವುದು, ಎಣಿಸುವುದು, ಸಾಲು ಹಿಡಿದು ಜೋಡಿಸುವುದು, ಒಂದೇ ಕೆಲಸವನ್ನು ಬೇಸರವಿಲ್ಲದೆ ನೂರು ಸಲ ಮಾಡುವುದು: ಹಂಚಿನ ಕಾರ್ಖಾನೆ ನಡೆದದ್ದು ಇದರಿಂದ. ನಮ್ಮ ಮಕ್ಕಳಲ್ಲಿ ಹಲವರಿಗೆ ಇಷ್ಟವಾಗುವುದೂ ಇದೇ. ಆದ್ದರಿಂದ ಅವರು ಹೇಗೆ ಗಮನ ಕೊಡುತ್ತಾರೋ ಆ ದಾರಿಯಲ್ಲೇ ಒಳಗೆ ಹೋಗಬಹುದು. ಹಾಗೆಂದು ಆಟಿಸಂ ಇದ್ದವರಿಗೆಲ್ಲ ಏನೋ ಅದ್ಭುತ ಶಕ್ತಿ ಇರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಆರು ಮಂದಿಯಲ್ಲಿ ಒಬ್ಬನಿಗೆ ಹಂಚಿನ ಶಬ್ದವೇ ಆಗುವುದಿಲ್ಲ. ಅವನ ವಿಷಯ ಮುಂದೆ ಬರುತ್ತದೆ.

ಮೊದಲ ಸಲ ಏನಾಯಿತು

ಮೊದಲ ಸಲ ನಾನು ಎಲ್ಲರನ್ನೂ ನೇರವಾಗಿ ಮುಚ್ಚಿದ ಒಂದು ಕಾರ್ಖಾನೆಯ ಆವರಣಕ್ಕೆ ಕರೆದುಕೊಂಡು ಹೋದೆ. ಚಿಮಣಿಯ ನೆರಳಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಾತಾಡಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್, ಅದರ ಹಂಚಿನ ಕಾರ್ಖಾನೆ ಶುರುವಾದ 1865, ನೇತ್ರಾವತಿಯ ಜೇಡಿಮಣ್ಣು ಎಂದೆಲ್ಲ ಹೇಳುತ್ತಿರುವಾಗ ಪಕ್ಕದ ಕಾಂಪೌಂಡಿನಲ್ಲಿ ಯಾರೋ ಜನರೇಟರ್ ಚಾಲೂ ಮಾಡಿದರು. ಇಬ್ಬರು ಕಿವಿ ಮುಚ್ಚಿಕೊಂಡು ಕುಸಿದರು. ಒಬ್ಬ ರಸ್ತೆಯ ಕಡೆಗೆ ಓಡಿದ. ತಂಗಿಯ ಮಗ ರಿಕ್ಷಾದೊಳಗೆ ಹೋಗಿ ಕೂತು ಮಣಿಕಟ್ಟು ಕಚ್ಚಿಕೊಳ್ಳುತ್ತಿದ್ದ. ಮೂವತ್ತೈದು ನಿಮಿಷದಲ್ಲಿ ಎಲ್ಲರೂ ವಾಪಸ್. ಆ ರಾತ್ರಿ ತಂಗಿ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: "ಅಕ್ಕ, ನೀನು ಅಲ್ಲಿಗೆ ಮೊದಲು ಒಬ್ಬಳೇ ಹೋಗಿ ನೋಡಿದ್ದಿಯಾ?"

ನೋಡಿರಲಿಲ್ಲ. ಆಮೇಲೆ ಐದು ತಿಂಗಳು ನಾವು ಕಾರ್ಖಾನೆಯ ಕಡೆಗೆ ಹೋಗಲಿಲ್ಲ. ಹಂಚಿನಿಂದ ಶುರು ಮಾಡಿದೆವು.

ಒಂದು ಹಂಚು

ಕರಾವಳಿಯಲ್ಲಿ ಹಂಚು ಸಿಗುವುದು ಕಷ್ಟವಲ್ಲ. ಹಳೆಯ ಮನೆ ಕೆಡವಿ ತಾರಸಿ ಕಟ್ಟುವವರ ಹತ್ತಿರ ಕೇಳಿ, ಇಲ್ಲವೇ ಹಳೆಯ ಮರ, ಬಾಗಿಲು ಮಾರುವ ಅಂಗಡಿಗೆ ಹೋಗಿ. ಇಪ್ಪತ್ತು ಹಂಚು ಇದ್ದರೆ ಒಂದು ವರ್ಷದ ಕೆಲಸ ಆಗುತ್ತದೆ. ರಾಶಿಯಿಂದ ಎತ್ತುವಾಗ ನೀವೇ ಎತ್ತಿ, ಮಕ್ಕಳ ಕೈಯಲ್ಲಿ ಎತ್ತಿಸಬೇಡಿ. ಹಂಚಿನ ಸಂದಿಯಲ್ಲಿ ಚೇಳು ಇರುತ್ತದೆ. ತೆಂಗಿನ ನಾರಿನ ಬ್ರಶ್ಶಿನಿಂದ ಪಾಚಿ ತೊಳೆದು, ಚೂಪಾದ ಅಂಚು ಇದ್ದರೆ ಬಟ್ಟೆಯ ಟೇಪು ಸುತ್ತಿ. ಒಣ ಹಂಚನ್ನು ಉಜ್ಜುವುದು, ಪುಡಿ ಮಾಡುವುದು ಬೇಡವೇ ಬೇಡ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಗೆಯೇ ಹಳೆಯ ಕಟ್ಟಡಗಳಲ್ಲಿ ಸಿಗುವ ಬೂದುಬಣ್ಣದ ಸಿಮೆಂಟ್ ಶೀಟಿನ ಚೂರು ಮುಟ್ಟಿಸಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು.

ಮೊದಲ ಶನಿವಾರ ಚಾಪೆಯ ಮೇಲೆ ಒಂದೇ ಒಂದು ಹಂಚು ಇಟ್ಟು ಸುಮ್ಮನೆ ಕೂತುಕೊಳ್ಳಿ. ಇದು ಏನು ಗೊತ್ತುಂಟಾ ಎಂದು ಕೇಳಬೇಡಿ. ನಾನು ಹಾಗೆ ಕೂತಾಗ ಏನೇನಾಯಿತು ಎಂದು ಹೇಳುತ್ತೇನೆ. ಒಬ್ಬ ಹಂಚಿಗೆ ಕೆನ್ನೆ ಇಟ್ಟ, ತಂಪಾಗಿತ್ತು. ಒಬ್ಬಳು ಅದರ ಕಾಲುವೆಯಲ್ಲಿ ಬೆರಳು ಓಡಿಸಿದಳು, ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ, ಒಂದು ಸಲವೂ ಕೆಳಗಿನಿಂದ ಮೇಲೆ ಇಲ್ಲ. ಮಳೆನೀರು ಹರಿಯುವ ದಾರಿ ಅದು. ನಾನು ತಂಬಿಗೆಯಿಂದ ಅದೇ ಕಾಲುವೆಗೆ ಸ್ವಲ್ಪ ನೀರು ಸುರಿದೆ. ಅವಳು ನಕ್ಕಳು. ಎಡಿಎಚ್‌ಡಿ ಇರುವ ಹುಡುಗ ಅಡುಗೆಮನೆಯ ತಕ್ಕಡಿ ತಂದು ತೂಗಿದ: ಎರಡೂವರೆ ಕಿಲೋಗೆ ಸ್ವಲ್ಪ ಕಡಿಮೆ. ಉದ್ದ 16 ಇಂಚು. ನಮ್ಮ ಹಂಚಿನ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಇಷ್ಟು, ಅವನದೇ ಅಕ್ಷರದಲ್ಲಿ.

ಎರಡನೇ ವಾರ ಎರಡು ಹಂಚು ಕೊಡಿ. ಈಗ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ ಎಂಬುದು ಗೊತ್ತಾಗುತ್ತದೆ. ಒಂದರ ಅಂಚಿನ ತೋಡಿನೊಳಗೆ ಇನ್ನೊಂದರ ಏಣು ಕೂರುತ್ತದೆ. ಕೆಳಮೈಯ ಗುಬುಟುಗಳು ರೀಪಿಗೆ, ಅಂದರೆ ಮಾಡಿನ ಮರದ ಅಡ್ಡಪಟ್ಟಿಗೆ, ಸಿಕ್ಕಿಕೊಳ್ಳುತ್ತವೆ. ಮೊಳೆ ಬೇಡ, ಗಾರೆ ಬೇಡ. ಆಲ್ಸೇಸ್ ಪ್ರಾಂತ್ಯದ ಗಿಲಾರ್ಡೊನಿ ಸೋದರರು 1841ರಲ್ಲಿ ಪೇಟೆಂಟ್ ಪಡೆದ ಈ ಹೊಂದಿಕೆಯ ಹಂಚೇ ನಮ್ಮ ಊರಿಗೂ ಬಂದದ್ದು. ಅದಕ್ಕೆ ಮೊದಲು ಇಲ್ಲಿದ್ದದ್ದು ಮುಳಿಹುಲ್ಲಿನ ಮಾಡು, ಇಲ್ಲವೇ ಕುಂಬಾರರು ಮಾಡಿದ ನಾಡಹಂಚು. ಇದನ್ನು ನಾನು ಬಾಯಿಂದ ಹೇಳಲಿಲ್ಲ. ಎರಡು ರೀಪು ಹೊಡೆದ ಒಂದು ಇಳಿಜಾರು ಚೌಕಟ್ಟು ಬಡಗಿಯಿಂದ ಮಾಡಿಸಿ ಜಗಲಿಯಲ್ಲಿಟ್ಟೆ. ಆರು ಹಂಚು ಹಿಡಿಯುವಷ್ಟು ಸಣ್ಣದು. ಅದನ್ನು ಹೊದೆಸುವುದು, ತೆಗೆಯುವುದು, ಮತ್ತೆ ಹೊದೆಸುವುದು ಇವತ್ತಿಗೂ ನಡೆಯುತ್ತದೆ. ಯಾವುದಾದರೂ ಒಂದೇ ಸಾಧನಕ್ಕೆ ಹಣ ಖರ್ಚು ಮಾಡುವುದಿದ್ದರೆ ಈ ಚೌಕಟ್ಟಿಗೆ ಮಾಡಿ.

ಹೊದೆಸುವಾಗ ಕೆಳಗಿನ ಸಾಲಿನಿಂದ ಶುರು ಮಾಡಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಒಳಗೆ ಇಳಿಯುತ್ತದೆ. ತಪ್ಪು ಮಾಡಲು ಬಿಡಿ, ತಂಬಿಗೆಯಿಂದ ನೀರು ಹೊಯ್ದು ನೋಡಲಿ.

ಬಡಿಯುವುದು, ಉಜ್ಜುವುದು, ಮಲಗಿ ಓದುವುದು

ಬಡಿಯಲು ಮರದ ಸೌಟು ಒಳ್ಳೆಯದು. ಗೆಣ್ಣು ನೋಯುತ್ತದೆ, ಲೋಹದ ಚಮಚದ ಶಬ್ದ ಕಿವಿಗೆ ಚುಚ್ಚುತ್ತದೆ. ಹಂಚನ್ನು ನೆಲಕ್ಕಿಟ್ಟು ಬಡಿದರೆ ಸ್ವರ ಸಾಯುತ್ತದೆ. ತುದಿಯಲ್ಲಿ ಹಿಡಿದು ತೂಗಬಿಡಬೇಕು, ಅಥವಾ ಎರಡು ಹಗ್ಗದ ತುಂಡುಗಳ ಮೇಲೆ ಇಡಬೇಕು. ಒಳ್ಳೆಯ ಹಂಚುಗಳ ಜೊತೆ ಬಿರುಕು ಬಿಟ್ಟದ್ದನ್ನು ಒಂದೆರಡು ಬೇಕೆಂದೇ ಸೇರಿಸಿಡಿ. ಸರಿಯಾಗಿ ಬೇಯದ ಹಂಚು ಸಿಕ್ಕಿದರೆ ಅದೃಷ್ಟ. ಅದರ ಬಣ್ಣ ಮಾಸಲು, ಒಂದು ಚಮಚ ನೀರು ಬಿಟ್ಟರೆ ಬೇಗ ಹೀರಿಕೊಳ್ಳುತ್ತದೆ. ಶಬ್ದ ಆಗದ ಹುಡುಗ ಇದ್ದಾನೆ ಎಂದೆನಲ್ಲ, ಅವನ ಪರೀಕ್ಷೆ ಇದು. ಹಿತ್ತಲಿನ ಬಾಗಿಲ ಹತ್ತಿರ ಕೂತು ಪ್ರತಿ ಹಂಚಿಗೆ ಒಂದು ಚಮಚ ನೀರು ಬಿಟ್ಟು ಫೋನಿನಲ್ಲಿ ಸೆಕೆಂಡು ಎಣಿಸುತ್ತಾನೆ. ಕಿವಿಯವರ ಪಟ್ಟಿ, ನೀರಿನವನ ಪಟ್ಟಿ ಕೊನೆಗೆ ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತೇವೆ.

ಕೆಳಮೈಯಲ್ಲಿ ಉಬ್ಬಕ್ಷರಗಳಿರುತ್ತವೆ: ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ಇಸವಿ. ತೆಳ್ಳಗಿನ ಕಾಗದ ಹಾಸಿ, ಸಿಪ್ಪೆ ತೆಗೆದ ಕ್ರೇಯಾನನ್ನು ಅಡ್ಡ ಹಿಡಿದು ಉಜ್ಜಿದರೆ ಅಕ್ಷರ ಎದ್ದು ಬರುತ್ತದೆ. ಕಾಗದ ಜಾರದಂತೆ ನಾಲ್ಕು ಮೂಲೆಗೂ ಟೇಪು ಹಚ್ಚಿ. ಜಾರಿದರೆ ಅಕ್ಷರ ಎರಡೆರಡಾಗಿ ಕಾಣುತ್ತದೆ, ಅದನ್ನು ಸಹಿಸಲಾಗದೆ ನಮ್ಮಲ್ಲಿ ಒಬ್ಬ ಮೂರು ವಾರ ಕ್ರೇಯಾನ್ ಮುಟ್ಟಲಿಲ್ಲ. ಇಸವಿಯ ಬಗ್ಗೆ ಒಂದು ಮಾತು ನೆನಪಿಡಿ. ಹಂಚಿನ ಮೇಲೆ 1865 ಎಂದಿದ್ದರೆ ಆ ಹಂಚು ಆ ವರ್ಷದ್ದು ಎಂದಾಗುವುದಿಲ್ಲ. ಅದು ಕಾರ್ಖಾನೆ ಶುರುವಾದ ವರ್ಷ. ನಮ್ಮ ಮನೆಯದು ನನ್ನ ಅಪ್ಪ ಹೊದೆಸಿದ ಮಾಡು, ಆದರೂ ಅದರ ಹಂಚಿನಲ್ಲಿ ನೂರು ವರ್ಷ ಹಿಂದಿನ ಇಸವಿ ಇದೆ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಅಂಕಿಯನ್ನು ನಂಬಿ ಕೂತ ಮಗುವಿಗೆ ಆಮೇಲೆ ಅದು ಹಾಗಲ್ಲ ಎಂದರೆ ಮೋಸವಾದಂತೆ ಅನಿಸುತ್ತದೆ.

ಇಲ್ಲಿ ನಡೆದ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಡಿಸ್ಲೆಕ್ಸಿಯಾ ಇರುವ ಹುಡುಗಿ ಉಜ್ಜುವುದರಲ್ಲಿ ತೃಪ್ತಳಾಗಲಿಲ್ಲ. ಹಸಿ ಜೇಡಿಮಣ್ಣಿನ ಉಂಡೆಯನ್ನು ಹಂಚಿನ ಅಕ್ಷರದ ಮೇಲೆ ಒತ್ತಿ ತೆಗೆದಳು. ಮಣ್ಣಿನಲ್ಲಿ ಅಕ್ಷರ ಒಳಗೆ ಇಳಿದಿತ್ತು, ಎಡಬಲ ತಿರುಗಿತ್ತು. ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಟೀಚರ್, ಹಾಗಾದರೆ ಅಚ್ಚು ಮಾಡಿದವರು ಉಲ್ಟಾ ಬರೆದಿದ್ದರಾ?" ಹೌದು ಎಂದೆ. ಅಚ್ಚಿನಲ್ಲಿ ಅಕ್ಷರ ಉಲ್ಟಾ ಇದ್ದರೆ ಮಾತ್ರ ಹಂಚಿನಲ್ಲಿ ನೇರ ಬರುತ್ತದೆ. ಪುಸ್ತಕ ಅಚ್ಚು ಹಾಕುತ್ತಿದ್ದ ಅಕ್ಷರದ ಮೊಳೆಗಳಲ್ಲೂ ಹಾಗೆಯೇ ಇತ್ತು. ಮಂಗಳೂರಿನಲ್ಲಿ ಹಂಚು ತಯಾರಿಸಲು ಮುಂದಾದ ಗೇಯೊರ್ಗ್ ಪ್ಲೆಬ್ಸ್ಟ್ ಇಲ್ಲಿಗೆ ಬಂದದ್ದೇ ಬಾಸೆಲ್ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆ. ಉಲ್ಟಾ ಅಕ್ಷರದ ಜೊತೆ ಬದುಕಿದ ಮನುಷ್ಯ. ಅವಳು ಮನೆಗೆ ಹೋಗಿ ತನ್ನ ಹೆಸರನ್ನು ಕನ್ನಡದಲ್ಲಿ ಉಲ್ಟಾ ಕೊರೆದು ಮರದ ಅಚ್ಚು ಮಾಡಿಕೊಂಡು ಬಂದಳು. ಡಿಸ್ಲೆಕ್ಸಿಯಾ ಎಂದರೆ ಅಕ್ಷರ ತಿರುಗುವುದಷ್ಟೇ ಎಂದು ನಾನು ಹೇಳುತ್ತಿಲ್ಲ, ಅದು ಅದಕ್ಕಿಂತ ದೊಡ್ಡದು. ಆದರೆ ಅಕ್ಷರದ ವಿಷಯದಲ್ಲಿ ಅವಳು ನನಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಇನ್ನು ಮಲಗಿ ಓದುವುದು. ಹಂಚಿನ ಮಾಡು ಇರುವ, ಅಟ್ಟ ಇಲ್ಲದ ಯಾವುದಾದರೂ ಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಅಂಗಾತ ಮಲಗಿ. ಪಕ್ಕಾಸು (ಮಾಡಿನ ಇಳಿಜಾರು ಮರ), ರೀಪು, ಅವುಗಳ ಮೇಲೆ ಹಂಚಿನ ಕೆಳಮೈ, ಅದರಲ್ಲಿ ಅಕ್ಷರ. ಬರಿಗಣ್ಣಿಗೆ ಕಾಣದಿದ್ದರೆ ಫೋನಿನ ಕ್ಯಾಮೆರಾ ಹತ್ತಿರ ಮಾಡಿ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹೆಸರು ಸಿಕ್ಕಿದೆ ನಮಗೆ. ಮಂಗ ಹಾರಿ ಒಡೆದದ್ದು, ತೆಂಗಿನಕಾಯಿ ಬಿದ್ದು ಒಡೆದದ್ದು, ಅದಕ್ಕೆ ಬದಲಾಗಿ ಸಿಕ್ಕಿದ ಹಂಚು ಹಾಕಿದ್ದು, ಎಲ್ಲವೂ ಅಲ್ಲಿ ಬರೆದಂತೆ ಇರುತ್ತದೆ. ಮುಖ ನೋಡಿ ಮಾತಾಡುವ ಒತ್ತಾಯ ಇಲ್ಲದೆ ಎಲ್ಲರೂ ಒಂದೇ ಕಡೆ ನೋಡುತ್ತ ಮಲಗುವುದರಿಂದ ಮಾತು ತಾನಾಗಿ ಬರುತ್ತದೆ. ಇಡೀ ವರ್ಷದಲ್ಲಿ ಅತಿ ಹೆಚ್ಚು ಮಾತು ಕೇಳಿದ್ದು ನಾವು ಹೀಗೆ ಮಲಗಿದ್ದಾಗ.

ಮಾಡಿನಲ್ಲಿ ಗಾಜಿನ ಹಂಚು ಇದ್ದರೆ ಆ ದಿನ ಬೇರೇನೂ ಮಾಡಬೇಡಿ. ಅದರಿಂದ ನೆಲಕ್ಕೆ ಬೀಳುವ ಬಿಸಿಲಿನ ತುಂಡಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಅರ್ಧ ಗಂಟೆಗೆ ಇನ್ನೊಂದು. ಒಂಬತ್ತರಿಂದ ಹನ್ನೆರಡರವರೆಗೆ ಏಳು ಗೆರೆ ಆಗುತ್ತದೆ. ನಡುವೆ ಓಡಾಡುವವರು ಓಡಾಡಲಿ, ಅಲಾರಾಂ ಹೊಡೆದಾಗ ಬಂದರೆ ಸಾಕು.

ಹದಿನಾರು ಹಂಚಿನ ಇತಿಹಾಸ

ಇಸವಿಗಳನ್ನು ಹಲಗೆಯ ಮೇಲೆ ಬರೆದರೆ ಯಾರಿಗೂ ಹತ್ತುವುದಿಲ್ಲ. ನಾನು ಹಂಚನ್ನೇ ಅಂಗಳದಲ್ಲಿ ಉದ್ದಕ್ಕೆ ಸಾಲಾಗಿ ಇಟ್ಟೆ. ಒಂದು ಹಂಚು ಎಂದರೆ ಹತ್ತು ವರ್ಷ. 1865ರಿಂದ 2025ಕ್ಕೆ ಹದಿನಾರು ಹಂಚು, ಇಪ್ಪತ್ತೊಂದು ಅಡಿ ಚಿಲ್ಲರೆ. ಪಕ್ಕದಲ್ಲಿ ನಡೆಯಬೇಕು, ಮೇಲೆ ಕಾಲಿಟ್ಟರೆ ಒಡೆಯುತ್ತದೆ.

ಮೊದಲ ಹಂಚಿನ ತುದಿಯಲ್ಲಿ ಮಂಗಳೂರಿನ ಜೆಪ್ಪುವಿನ ಕಾರ್ಖಾನೆ, ಬಾಸೆಲ್ ಮಿಷನ್ನಿನದು. ಒಂದು ಗೇಣು ದಾಟುವುದರೊಳಗೆ, 1868ರಲ್ಲಿ, ಆಲ್ಬುಕರ್ಕ್ ಕಾರ್ಖಾನೆ. ನಮ್ಮ ಊರಿನವರೇ ಹಾಕಿದ್ದು. ನದಿಯಲ್ಲಿ ಮಣ್ಣು ಬರುತ್ತದೆ, ದೋಣಿಯಲ್ಲಿ ಸೌದೆ ಬರುತ್ತದೆ, ಬಂದರಿನಿಂದ ಹಂಚು ಹಡಗು ಹತ್ತುತ್ತದೆ. ಹಾಗಾಗಿ ಕಾರ್ಖಾನೆಗಳು ನೀರಿನ ದಡದಲ್ಲೇ ಎದ್ದವು. ಸಿಲೋನು, ಪೂರ್ವ ಆಫ್ರಿಕಾದ ಮನೆಗಳಿಗೂ ನಮ್ಮ ಹಂಚು ಹೋಯಿತು. ಆರನೇ ಹಂಚಿನಲ್ಲಿ ಮೊದಲ ಮಹಾಯುದ್ಧ ಮುಗಿದು, ಜರ್ಮನರು ಹೆಚ್ಚಾಗಿದ್ದ ಮಿಷನ್ನಿನ ಕೈಯಿಂದ ಉದ್ಯಮ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಗೆ ಹೋಯಿತು. ಒಂಬತ್ತನೆಯದರಲ್ಲಿ ಸ್ವಾತಂತ್ರ್ಯ. ಹನ್ನೊಂದನೆಯದರಿಂದ ಹದಿಮೂರರ ನಡುವಿನವರೆಗೆ ನನ್ನ ಅಮ್ಮ. ಅಲ್ಲಿ ಅಮ್ಮನ ತಲೆಯ ಸಿಂಬೆ ಇಟ್ಟೆ. ಆಮೇಲೆ ತಾರಸಿ ಮನೆಗಳು ಬಂದವು, ಮಣ್ಣು, ಸೌದೆ ದುಬಾರಿಯಾದವು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಹದಿನೈದನೇ ಹಂಚಿನಲ್ಲಿ ಈ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟಿದ್ದು. ಪ್ರತಿಯೊಬ್ಬರೂ ತಮ್ಮ ಅಜ್ಜಿ ಹುಟ್ಟಿದ ವರ್ಷದ ಮೇಲೆ ಒಂದು ಹೂ ಇಡಬೇಕು ಎಂದೆ. ಒಬ್ಬ ಹೂವಿನ ಬದಲು ಮನೆಯ ಬೆಕ್ಕಿನ ಹುಟ್ಟಿದ ವರ್ಷಕ್ಕೆ ಬಿಸ್ಕತ್ತು ಇಟ್ಟ. ಅದೂ ಸರಿ.

ದುಡಿದವರನ್ನು ಕರೆಸುವಾಗ

ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಇನ್ನೂ ಇದ್ದಾರೆ, ಎಂಬತ್ತರ ಹತ್ತಿರ. ತುಳುವಿನವರು; ಹಂಚಿಗೆ ಓಡು ಎನ್ನುತ್ತಾರೆ. ಅವರನ್ನು ಕರೆಸುವ ಮೊದಲು ಅವರ ಮನೆಗೆ ಹೋಗಿ ನಾಲ್ಕು ಮಾತು ಹೇಳಿದೆ. ಮಕ್ಕಳು ನಿಮ್ಮ ಮುಖ ನೋಡದಿರಬಹುದು, ಅದು ಅಗೌರವವಲ್ಲ. ತಲೆ ಸವರಬೇಡಿ, ಕೆನ್ನೆ ಹಿಂಡಬೇಡಿ. ಉತ್ತರ ತಡವಾಗಿ ಬರುತ್ತದೆ, ಕಾಯಿರಿ. ಮಧ್ಯದಲ್ಲಿ ಯಾರಾದರೂ ಎದ್ದು ಹೋದರೆ ಬೇಸರ ಮಾಡಿಕೊಳ್ಳಬೇಡಿ. ಅವರು ಕೇಳಿಸಿಕೊಂಡು, "ಎಂತ ಮಾರಾಯ್ತಿ, ನಾನು ಕೂಡ ಕೆಲಸ ಮಾಡುವಾಗ ಯಾರ ಮುಖ ನೋಡ್ತಿದ್ದೆ?" ಅಂದರು.

ಮಕ್ಕಳ ಕಡೆ ಮೂರೇ ಪ್ರಶ್ನೆ, ಚಿತ್ರದ ಕಾರ್ಡಿನಲ್ಲಿ: ತಲೆಯ ಮೇಲೆ ಹೊರೆ, ಕಿವಿ, ಬುತ್ತಿ. ಎಷ್ಟು ಹೊರುತ್ತಿದ್ದಿರಿ, ಏನು ಕೇಳಿಸುತ್ತಿತ್ತು, ಮಧ್ಯಾಹ್ನ ಏನು ಉಣ್ಣುತ್ತಿದ್ದಿರಿ. ಮಾತಾಡದವರು ಕಾರ್ಡು ತೋರಿಸಿದರೆ ಸಾಕು. ಬುತ್ತಿಯ ಪ್ರಶ್ನೆಗೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಎಂದು ಉತ್ತರ ಬಂತು. ಕಿವಿಯ ಪ್ರಶ್ನೆಗೆ ಕೂಗು ಎಂದರು, ಕೂಗು ಎಂದರೆ ಕಾರ್ಖಾನೆಯ ಸೈರನ್ನು. ಕೂಗಿಗೆ ಮೊದಲು ಗೇಟಿನೊಳಗೆ ಇರಬೇಕಿತ್ತು, ತಡವಾದರೆ ಕೂಲಿ ಹೋಯಿತು. ಹಸಿ ಹಂಚನ್ನು ಎರಡೂ ಅಂಗೈ ಮೇಲೆ ಮಗುವನ್ನು ಹಿಡಿದಂತೆ ಹಿಡಿಯಬೇಕು ಎಂದು ಕೈ ಮಾಡಿ ತೋರಿಸಿದರು.

ಆಮೇಲೆ ತಂಗಿಯ ಮಗ ಇಪ್ಪತ್ತೆರಡು ಹಂಚು ಅವರ ಮುಂದೆ ತಂದು ಪೇರಿಸಿದ. ಒಂದನ್ನು ಹಿಡಿದು ಬಡಿದ. ಅಜ್ಜಿ ಕಣ್ಣು ಮುಚ್ಚಿ ಕೇಳಿ ಬಲಗೈ ಎತ್ತಿದರು. ಬಲಕ್ಕೆ ಇಟ್ಟ. ಬಲ ಎಂದರೆ ಒಳ್ಳೆಯದು, ಎಡ ಎಂದರೆ ಒಡೆದದ್ದು. ಹೀಗೆ ನಡೆಯಿತು. ಹದಿನೇಳನೆಯದನ್ನು ಬಡಿದಾಗ ಅವರು ಬಲಗೈ ಎತ್ತಿದರು, ಅವನು ಅಲ್ಲಾಡಲಿಲ್ಲ. ಮತ್ತೆ ಬಡಿದ. ಮತ್ತೆ ಅವರ ಮುಖದ ಹತ್ತಿರ ತಂದು ಬಡಿದ. ಅವರು ಕಣ್ಣು ತೆರೆದು ಹಂಚನ್ನು ಕೈಗೆ ತೆಗೆದುಕೊಂಡು, ಉಗುರಿನಿಂದ ಅಂಚನ್ನು ಸವರುತ್ತ ಹೋದರು. ಮೂಲೆಯಲ್ಲಿ ಉಗುರು ನಿಂತಿತು. ಎಡಕ್ಕೆ ಇಟ್ಟರು. ನಲವತ್ತು ನಿಮಿಷ ಇಬ್ಬರ ನಡುವೆ ಒಂದೂ ಮಾತಿರಲಿಲ್ಲ.

ಬಂದವರಿಗೆ ರಿಕ್ಷಾ ಬಾಡಿಗೆ, ಅರ್ಧ ದಿನದ ಸಂಭಾವನೆ ಕೊಡಿ. ಅವರು ಕಲಿಸಲು ಬಂದವರು.

ಕೊನೆಗೆ ಕಾರ್ಖಾನೆಗೆ

ಈಗ ಹೋಗಬಹುದು. ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನೀವು ಮೊದಲು ಒಬ್ಬರೇ ಹೋಗಿ, ಮಕ್ಕಳು ಹೋಗುವ ಅದೇ ವಾರ, ಅದೇ ಹೊತ್ತಿಗೆ. ಎಲ್ಲಿ ನೆರಳು, ಎಲ್ಲಿ ಶೌಚಾಲಯ, ಎಲ್ಲಿ ನಾಯಿ, ಪಕ್ಕದಲ್ಲಿ ಯಾವ ಯಂತ್ರ ಯಾವಾಗ ಚಾಲೂ ಆಗುತ್ತದೆ ಎಂದು ಬರೆದುಕೊಳ್ಳಿ. ಗೇಟಿನಿಂದ ಹಿಡಿದು ವಾಪಸ್ ಗೇಟಿನವರೆಗೆ ಎಂಟು ಹತ್ತು ಫೋಟೋ ತೆಗೆದು ಕ್ರಮವಾಗಿ ಅಂಟಿಸಿ. ವಾರವಿಡೀ ಮಕ್ಕಳು ಅದನ್ನು ತಿರುವಿ ನೋಡಲಿ. ಅಲ್ಲಿನ ಶಬ್ದವನ್ನು ಫೋನಿನಲ್ಲಿ ಹಿಡಿದು ತಂದು ಮನೆಯಲ್ಲಿ ಸಣ್ಣ ದನಿಯಲ್ಲಿ ಕೇಳಿಸಿ.

ನಮ್ಮ ಕಡೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಇಬ್ಬರು ಮಕ್ಕಳಿಗೆ ಒಬ್ಬರು ದೊಡ್ಡವರು. ಕಿವಿ ಮುಚ್ಚುವ ಹೆಡ್‌ಫೋನು, ಟೊಪ್ಪಿ, ಅವರವರಿಗೆ ಆಗುವ ತಿಂಡಿ. ಪ್ರತಿಯೊಬ್ಬರ ಕೈಯಲ್ಲಿ ‘ಸಾಕು’ ಎಂಬ ಕೆಂಪು ಕಾರ್ಡು. ಅದು ಎದ್ದರೆ ಪ್ರಶ್ನೆ ಇಲ್ಲ, ಒಬ್ಬರು ದೊಡ್ಡವರು ಜೊತೆಗೆ ಹೊರಗೆ. ನಾಲ್ಕು ವರ್ಷದಲ್ಲಿ ಆ ಕಾರ್ಡು ಎದ್ದದ್ದು ಮೂರು ಸಲ. ಅದು ಕೈಯಲ್ಲಿದೆ ಎಂಬ ಧೈರ್ಯದಿಂದಲೇ ಒಳಗೆ ನಿಂತವರು ಹೆಚ್ಚು.

ಹಂಚು ಸುಡುವ ಗೂಡಿನೊಳಗೆ ಮಕ್ಕಳನ್ನು ಇಳಿಸಬೇಡಿ, ಹಳೆಯ ಕಮಾನು ಯಾವಾಗ ಬೀಳುತ್ತದೆ ಹೇಳಲಾಗುವುದಿಲ್ಲ. ಬಾಯಿಯಲ್ಲಿ ನಿಂತು ನೋಡಿದರೆ ಸಾಕು. ದೊಡ್ಡ ಗೂಡುಗಳಲ್ಲಿ ಬೆಂಕಿ ಒಂದು ಕೋಣೆಯಿಂದ ಮುಂದಿನ ಕೋಣೆಗೆ ಸುತ್ತುತ್ತ ಹೋಗುತ್ತಿತ್ತು. ಒಂದು ಕಡೆ ಹಂಚು ಬೇಯುತ್ತಿದ್ದರೆ ಹಿಂದಿನ ಕೋಣೆಯಲ್ಲಿ ಆರುತ್ತಿತ್ತು, ಮುಂದಿನದರಲ್ಲಿ ಬಿಸಿಯಾಗುತ್ತಿತ್ತು. ಇದನ್ನು ಅಂಗಳದಲ್ಲಿ ಆಡಿ ತೋರಿಸಬಹುದು. ಆರು ಮಂದಿ ವೃತ್ತದಲ್ಲಿ ಕೂತು ಒಂದು ಕೆಂಪು ಬಟ್ಟೆಯನ್ನು ನಿಧಾನವಾಗಿ ದಾಟಿಸುತ್ತ ಹೋಗುವುದು, ನಿಲ್ಲಿಸದೆ. ನಮ್ಮವರು ಇದನ್ನು ಇಪ್ಪತ್ತು ನಿಮಿಷ ಆಡಿದ್ದಾರೆ.

ಮಣ್ಣಿನ ಕೆಲಸ

ಕುಂಬಾರರಿಂದ ಹದ ಮಾಡಿದ ಮಣ್ಣು ತನ್ನಿ. ಮರದ ಸಣ್ಣ ಚೌಕಟ್ಟಿನಲ್ಲಿ ಒತ್ತಿ, ದಾರದಿಂದ ಮೇಲ್ಮೈ ಕೊಯ್ದು ಸಮ ಮಾಡಿ. ಒದ್ದೆ ಮಣ್ಣು ಮುಟ್ಟಲಾಗದವರು ಇದ್ದೇ ಇರುತ್ತಾರೆ. ಕೈಗವಸು ಕೊಡಿ, ಅಥವಾ ಮಣ್ಣನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಮೇಲಿನಿಂದ ಒತ್ತಲಿ, ಅಥವಾ ಮುಟ್ಟದೆ ಅಳೆಯುವ ಕೆಲಸ ಮಾಡಲಿ. ಹಸಿ ಮಣ್ಣಿನ ಮೇಲೆ ಸರಿಯಾಗಿ 10 ಸೆಂಟಿಮೀಟರಿನ ಗೆರೆ ಎಳೆದು ಪ್ರತಿದಿನ ಅಳೆಯಿರಿ. ನಮ್ಮದು ಒಂಬತ್ತು ದಿನದಲ್ಲಿ 9.3ಕ್ಕೆ ಇಳಿಯಿತು. ಹಂಚಿನ ಅಚ್ಚು ಹಂಚಿಗಿಂತ ದೊಡ್ಡದು ಯಾಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ನೆರಳಿನಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ. ಸುಡುವುದು ಕುಂಬಾರರ ಗೂಡಿನಲ್ಲಿ ಮಾತ್ರ. ಸುಡದೆ ಉಳಿದದ್ದನ್ನು ಮತ್ತೆ ಬಕೆಟ್ಟಿಗೆ ಹಾಕುವ ಮೊದಲು ಮಾಡಿದವರನ್ನು ಕೇಳಿ. ನಾನು ಒಮ್ಮೆ ಕೇಳದೆ ಹಾಕಿದೆ. ಆ ಹುಡುಗ ಅವತ್ತು ಸಂಜೆಯವರೆಗೆ ಬಕೆಟ್ಟಿನ ಪಕ್ಕದಿಂದ ಏಳಲಿಲ್ಲ.

ಬೇರೆ ಊರಿನವರು

ನಿಮ್ಮ ಊರಿನಲ್ಲಿ ಹಂಚಿಲ್ಲದಿದ್ದರೆ ಕೈಗೆ ಹಿಡಿಯಬಹುದಾದ ಇನ್ನೊಂದು ವಸ್ತು ಇರುತ್ತದೆ. ದಾವಣಗೆರೆಯವರಿಗೆ ಮಿಲ್ಲಿನ ನೂಲಿನ ಬಾಬಿನ್ನು, ಗೋಕಾಕದವರಿಗೂ ಅದೇ. ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿದ ಮರದ ಗೊಂಬೆ. ಭದ್ರಾವತಿಯಲ್ಲಿ ಕಬ್ಬಿಣದ ಒಂದು ಭಾರವಾದ ಬೋಲ್ಟು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿಯ ಮಕ್ಕಳಿಗೆ ಗಣಿಯಲ್ಲಿ ದುಡಿದವರ ಮನೆಯ ದೀಪವೋ ಬುತ್ತಿಯ ಡಬ್ಬಿಯೋ ಸಿಗುತ್ತದೆ, ಆದರೆ ಚಿನ್ನ ಬೇರ್ಪಡಿಸಿ ಉಳಿದ ಸಯನೈಡ್ ಮಣ್ಣಿನ ಗುಡ್ಡಗಳ ಹತ್ತಿರ ಹೋಗಬೇಡಿ, ಆ ಮಣ್ಣನ್ನು ಮುಟ್ಟಿಸಬೇಡಿ.

ನಮ್ಮ ಪ್ರದರ್ಶನ ಜಗಲಿಯಲ್ಲೇ ನಡೆಯಿತು, ಸಂಜೆ ನಾಲ್ಕರಿಂದ ಆರು. ಭಾಷಣ ಇಲ್ಲ, ಮೈಕು ಇಲ್ಲ, ಒಂದು ಹೊತ್ತಿಗೆ ಐದೇ ಮಂದಿ ಒಳಗೆ. ಬಂದವರ ಕೈಗೆ ಒಂದು ಸೌಟು ಕೊಟ್ಟು ಇಪ್ಪತ್ತೆರಡು ಹಂಚಿನ ಮುಂದೆ ಕೂರಿಸಿದೆವು. ಎಡಕ್ಕೋ ಬಲಕ್ಕೋ ಅವರೇ ಹೇಳಬೇಕು. ತಪ್ಪಿದರೆ ತಂಗಿಯ ಮಗ ಮತ್ತೊಮ್ಮೆ ಬಡಿದು ಕೇಳಿಸುತ್ತಿದ್ದ. ಅವನ ಶಾಲೆಯಿಂದ ಬಂದ ಟೀಚರಿಗೆ ನಾಲ್ಕು ಸಲ ಬಡಿದು ಕೇಳಿಸಿದ.

ಹಂಚುಗಳಲ್ಲಿ ಹದಿನಾಲ್ಕನ್ನು ನೆರೆಯವರಿಂದ ಎರವಲು ತಂದದ್ದು, ಅವರ ಕೊಟ್ಟಿಗೆಗೆ ಬೇಕಾದವು. ಎರವಲು ತಂದಿದ್ದರೆ ವಾಪಸ್ ಕೊಡುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮಕ್ಕಳಿಗೆ ತೋರಿಸಿಡಿ. ನಾವು ಹದಿಮೂರನ್ನು ಕೈಗಾಡಿಯಲ್ಲಿ ಹೊತ್ತು ಕೊಟ್ಟೆವು. ಹದಿನೇಳನೆಯದನ್ನು ಅವನು ಬಿಡಲಿಲ್ಲ. ಬಿರುಕು ಬಿಟ್ಟದ್ದು ಮಾಡಿಗೆ ಆಗುವುದಿಲ್ಲ, ಇಟ್ಟುಕೊಳ್ಳಲಿ ಎಂದರು ನೆರೆಯವರು. ಈಗ ಅದು ನಮ್ಮ ಜಗಲಿಯ ಕಂಬಕ್ಕೆ ಒರಗಿಕೊಂಡಿದೆ. ಶನಿವಾರ ಬಂದವನು ಚಪ್ಪಲಿ ಬಿಡುವ ಮೊದಲು ಅದನ್ನು ಎತ್ತಿ ಒಂದು ಸಲ ಬಡಿಯುತ್ತಾನೆ, ದಪ್, ಆಮೇಲೆ ಒಳಗೆ ಬರುತ್ತಾನೆ.